ಟವೆಲ್ಲಿನ ಕೆಳಗೆ ಹಿಡಿದ ಕೈ

ಮಾನ್ಯ ಅಧ್ಯಕ್ಷರಾದ ರಾಮದಾಸ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ನಮ್ಮ ಕೂಕಟ್‌ಪಲ್ಲಿ ಕನ್ನಡ ಬಳಗದ ಸಭಿಕರೇ, ಮತ್ತು ಬಾಗಿಲ ಬಳಿ ನಿಂತಿರುವವರೇ, ದಯವಿಟ್ಟು ಆ ಬಾಗಿಲನ್ನು ಮುಚ್ಚಬೇಡಿ. ಸೆಕೆಗಾಗಿ ಹೇಳುತ್ತಿಲ್ಲ. ಗೇಟಿನ ಕಡೆಯ ಸದ್ದು ನನಗೆ ಕೇಳುತ್ತಿರಬೇಕು. ಕಾರಣವನ್ನು ಆಮೇಲೆ ಹೇಳುತ್ತೇನೆ.

ಶಾಲು ಹೊದಿಸಿದಿರಿ, ಹಾರ ಹಾಕಿದಿರಿ. ಪರಿಚಯ ಮಾಡಿಕೊಟ್ಟವರು ನನ್ನನ್ನು ಅಶ್ವರಕ್ಷಕಿ ಎಂದರು. ಅಷ್ಟು ದೊಡ್ಡ ಮಾತು ಬೇಡ. ನಾನು ವತ್ಸಲಾ. ಸಿಕಂದರಾಬಾದಿನ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆಯುತ್ತಿದ್ದವಳು. 'ಉಸಿರು ಹಿಡಿದುಕೊಳ್ಳಿ, ಅಲುಗಾಡಬೇಡಿ.' ಕೆಲಸದ ಉದ್ದಕ್ಕೂ ಜನರೊಂದಿಗೆ ನಾನು ಆಡಿದ ಮಾತು ಹೆಚ್ಚುಕಡಿಮೆ ಇಷ್ಟೇ. ನಿವೃತ್ತಿಯಾದ ಮೇಲೆ ಪ್ರಾಣಿದಯಾ ಸಂಘವೊಂದರ ಪರವಾಗಿ ಊರಾಚೆಯ ಕುದುರೆ ಸಂತೆಗೆ ಹೋಗುತ್ತೇನೆ. ಹರಾಜಿನ ಜಾಗದಲ್ಲಿ ನೀರಿದೆಯೇ? ನೆರಳಿದೆಯೇ? ಬೆನ್ನಿನ ಹುಣ್ಣನ್ನು ಜರಿಯ ಬಟ್ಟೆಯಿಂದ ಮುಚ್ಚಿದ್ದಾರೆಯೇ? ಕುಂಟುವ ಕುದುರೆಯನ್ನು ಮಾರಲು ನಿಲ್ಲಿಸಿದ್ದಾರೆಯೇ? ನೋಡಬೇಕು, ಕಂಡರೆ ಹೇಳಬೇಕು. ಆದರೆ ಮುಟ್ಟಬಾರದು. ಅದು ಸಂಘದ ನಿಯಮ.

ನನಗೆ ಒಪ್ಪುವ ನಿಯಮವೂ ಹೌದು. ನಮ್ಮವರು ತೀರಿಕೊಂಡ ಮೇಲೆ ನಾನು ಯಾರ ಕೈಯನ್ನೂ ಹಿಡಿದ ನೆನಪಿಲ್ಲ. ಸಂತಾಪ ಹೇಳಲು ಬಂದವರಿಗೂ ದೂರದಿಂದಲೇ ಕೈಮುಗಿದೆ. ಇದನ್ನು ಇಲ್ಲಿ ಯಾಕೆ ಹೇಳಿದೆನೋ ತಿಳಿಯದು. ಮುಂದುವರಿಯುತ್ತೇನೆ.

ಈ ಸಭಾಂಗಣದ ಮುಂದೆ ಮದುವೆಯ ಕುದುರೆ ನಿಂತದ್ದನ್ನು ನೀವೆಲ್ಲ ನೋಡಿದ್ದೀರಿ. ಮದುಮಗನ ಪೇಟ ನೋಡಿದಿರಿ, ಅವನು ಬೀಳುತ್ತಾನೇನೋ ಎಂದು ಸ್ವಲ್ಪ ಆಸೆಯಿಂದಲೇ ನೋಡಿದಿರಿ. ಕುದುರೆಯ ಕಾಲನ್ನು ನೋಡಿದಿರಾ?

ಇವತ್ತು ಬೆಳಿಗ್ಗೆ ಸಂತೆಯಲ್ಲಿ ಅಂಥದೇ ಒಂದು ಬಿಳಿ ಹೆಣ್ಣುಕುದುರೆಯನ್ನು ನಿಲ್ಲಿಸಿದ್ದರು. ಮರಳಿನ ಮೇಲೆ ನಿಲ್ಲಿಸಿದ್ದರು. ಮರಳು ಮೆತ್ತಗಿರುತ್ತದೆ, ಕುಂಟು ಕಾಣುವುದಿಲ್ಲ. ದಲಾಲಿ ಅಂಬಣ್ಣ ಬೀದರಿನ ಕಡೆಯವನು, ನನ್ನನ್ನು ಬಲ್ಲವನು. "ಬಂದ್ರಲ್ಲಪ್ಪೋ ನಮ್ಮ ಇನ್‌ಸ್ಪೆಕ್ಟರ್ ಅಕ್ಕಾರು! ಇವ್ರ ಮುಂದ ಕುದುರಿ ಸೀನೂದೂ ಗುನ್ನೇ ಐತ್ರಿ," ಎಂದು ಎಲ್ಲರನ್ನೂ ನಗಿಸಿದ. ಕುದುರೆಯನ್ನು ಟಾರು ರಸ್ತೆಯ ಮೇಲೆ ನಡೆಸಿ ತೋರಿಸು ಎಂದೆ. "ನಡಸ್ತೀನ್ರಿ ಅಕ್ಕಾರ, ಈ ಮಾತೊಂದು ಮುಗೀಲಿ," ಎಂದ.

ಮಾತು ಎಂದನಲ್ಲ, ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಆ ಸಂತೆಯ ಹರಾಜಿನಲ್ಲಿ ಕೂಗುವುದು ಮೊದಲ ಬೆಲೆಯನ್ನು ಮಾತ್ರ. ಉಳಿದದ್ದೆಲ್ಲ ಟವೆಲ್ಲಿನ ಕೆಳಗೆ. ದಲಾಲಿಯ ಕೈ, ಕೊಳ್ಳುವವನ ಕೈ, ಮೇಲೊಂದು ಟವೆಲ್ಲು. ಬೆರಳು ಹಿಡಿದರೆ ಬೆಲೆ, ಅಂಗೈ ಒತ್ತಿದರೆ ವ್ಯಾಪಾರ ಮುಗಿಯಿತು. ಸುತ್ತ ನಿಂತವರಿಗೆ ಒಳಗಿನದು ತಿಳಿಯದು, ಆದರೆ ಒತ್ತಿದ ಮೇಲೆ ಯಾರೂ ಹಿಂದೆ ಸರಿಯುವುದಿಲ್ಲ. ಅಂಬಣ್ಣನ ಟವೆಲ್ಲಿನೊಳಗಿದ್ದ ಇನ್ನೊಂದು ಕೈ ಒಬ್ಬ ಮದುವೆ ಬ್ಯಾಂಡಿನವನದು. ರಾತ್ರಿಯ ಬಾರಾತಿಗೆ, ಅಂದರೆ ಮದುಮಗನ ಮೆರವಣಿಗೆಗೆ, ಅವನಿಗೆ ಕುದುರೆ ಬೇಕಿತ್ತು.

ನಾನು ಅವರನ್ನು ತಡೆಯಬೇಕಿತ್ತು. ಕೂಗಿದೆ, ಕೇಳಲಿಲ್ಲ. ಇಬ್ಬರನ್ನೂ ಬಿಡಿಸೋಣವೆಂದು ಟವೆಲ್ಲಿನೊಳಗೆ ಕೈ ಹಾಕಿದೆ. ಬಿಡಿಸಬೇಕಾದರೆ ಹಿಡಿಯಬೇಕಲ್ಲವೇ? ಸಿಕ್ಕಿದ ಕೈಯನ್ನು ಹಿಡಿದೆ. ಅಂಬಣ್ಣನ ಅಂಗೈಯನ್ನೇ ಗಟ್ಟಿಯಾಗಿ ಹಿಡಿದೆ.

ಅವನು ಟವೆಲ್ಲು ಎತ್ತಿ ಕೊಡವಿದ. "ಆತು! ಕುದುರಿ ಅಕ್ಕಾರದ್ದು!"

ನನಗೆ ಗೊತ್ತಿರಲಿಲ್ಲ ಎಂದೆ. "ಒಳಗ ಕೈ ಹಾಕಿದ ಮ್ಯಾಲ ಗೊತ್ತಿಲ್ಲ ಅನ್ನಂಗಿಲ್ರಿ. ನೀವು ಹೆಣ್ಮಕ್ಕಳು, ಹೊಸಬ್ರು, ಬ್ಯಾಡಂದ್ರ ಬಿಡ್ರಿ. ಬ್ಯಾಂಡಿನವ ಇಲ್ಲೇ ನಿಂತಾನ."

ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕುದುರೆ ಮರಳಿನಿಂದ ಈಚೆಗೆ ಒಂದು ಹೆಜ್ಜೆ ಇಟ್ಟಿತು. ಮುಂಗಾಲು ನೆಲಕ್ಕೆ ತಾಗಿದ್ದೇ ತಡ, ಸುಟ್ಟುಕೊಂಡಂತೆ ಮೇಲೆದ್ದಿತು. ನಾನು ಬಾಯಿ ಮುಚ್ಚಿ ಹಣ ಕೊಟ್ಟೆ.

ಸಭಿಕರೇ, ಆ ಕುದುರೆ ಈಗ ಈ ಗೇಟಿನ ಹೊರಗೆ ಒಂದು ಡಿಸಿಎಂ ಗಾಡಿಯಲ್ಲಿ, ಅದೇ ಆ ಸಣ್ಣ ಲಾರಿಯಲ್ಲಿ, ನಿಂತಿದೆ. ಸಂಘದ ಪ್ರಾಣಿ ಆಶ್ರಯಧಾಮದಲ್ಲಿ ಸದ್ಯಕ್ಕೆ ಜಾಗವಿಲ್ಲ. ನನ್ನ ಫ್ಲ್ಯಾಟು ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇದೆ... ನಗಬೇಡಿ, ಮಧ್ಯಾಹ್ನ ಒಂದು ಕ್ಷಣ ನಾನೂ ಅದನ್ನು ಯೋಚಿಸಿದೆ. ಡ್ರೈವರ್ ಗುರುಬಸವ ಹೇಳಿದ್ದಾನೆ: "ಅಮ್ಮಾರ, ಕಬ್ಬಿಣದ ನೆಲ ಜಾರತೈತ್ರಿ, ಅದಕ್ಕ ಮಲಗಾಕ ಬರಂಗಿಲ್ಲ. ನಿಮ್ಮ ಭಾಷಣ ಮುಗಿಯೂತನಕ ಕಾಯ್ತೀನಿ. ಆಮ್ಯಾಲ ಸಂತಿಗೇ ವಾಪಸ್ ಬಿಟ್ಟು ಬರ್ತೀನಿ." ಸಂತೆಯಲ್ಲಿ ಬ್ಯಾಂಡಿನವನು ಇನ್ನೂ ಕಾಯುತ್ತಿದ್ದಾನಂತೆ.

ನಾನು ಭಾಷಣವನ್ನು ಯಾಕೆ ಇಷ್ಟು ಎಳೆಯುತ್ತಿದ್ದೇನೆಂದು ಈಗ ನಿಮಗೆ ತಿಳಿದಿರಬೇಕು. ಎಳೆದಷ್ಟೂ ಅದು ಮೂರು ಕಾಲಿನ ಮೇಲೆ ನಿಂತೇ ಇರುತ್ತದೆ. ಮುಗಿಸಿದರೆ ಬಾರಾತಿಗೆ ಹೋಗುತ್ತದೆ. ನಾನೇನು ಮಾಡಲಿ? ನೀವೇ ಹೇಳಿ, ಏನು ಮಾಡಲಿ?

ಈ ಕಟ್ಟಡದ ಹಿಂದೆ ಒಂದು ಅಂಗಳವಿದೆ. ಮಣ್ಣಿನ ನೆಲ, ಬೇವಿನ ಮರ, ನಲ್ಲಿ. ಬೀಗ ಹಾಕಿದೆ. ಮಧ್ಯಾಹ್ನ ಫೋನಿನಲ್ಲಿ ಕೇಳಿದಾಗ ಅಧ್ಯಕ್ಷರು, "ಸಮಿತಿಯ ಮುಂದೆ ಇಡೋಣ ಮೇಡಂ, ಮುಂದಿನ ತಿಂಗಳು," ಎಂದರು. ತಪ್ಪು ಹೇಳಲಿಲ್ಲ. ಮದುವೆಗೆ ಹಾಲ್ ನೋಡಲು ಬಂದವರು ಲದ್ದಿ ಕಂಡರೆ ಏನೆಂದಾರು ಎಂಬ ಚಿಂತೆ ಅವರಿಗಿದೆ. ಎಲ್ಲರೆದುರು ಹೌದು ಎನ್ನುವುದು ಕಷ್ಟ, ಇಲ್ಲ ಎನ್ನುವುದು ಇನ್ನೂ ಕಷ್ಟ.

ಆದ್ದರಿಂದ ಅಧ್ಯಕ್ಷರೇ, ನೀವು ಹೊದಿಸಿದ ಈ ಶಾಲನ್ನು ನನ್ನ ಕೈಯ ಮೇಲೆ ಹಾಕಿಕೊಳ್ಳುತ್ತಿದ್ದೇನೆ. ಇಲ್ಲಿಗೆ ಬನ್ನಿ. ನಿಮ್ಮ ಕೈಯನ್ನು ಇದರ ಕೆಳಗಿಡಿ. ಒಂದು ಬೆರಳು ಹಿಡಿದರೆ ಕುದುರೆಗೆ ಆ ಅಂಗಳದಲ್ಲಿ ಒಂದು ವಾರ, ಎರಡಾದರೆ ಎರಡು. ಬೇಡವೆಂದರೆ ಕೈ ಹಿಂತೆಗೆಯಿರಿ, ಯಾರಿಗೂ ಕಾಣದು. ನಾನೂ ಹೇಳುವುದಿಲ್ಲ.

ಬನ್ನಿ. ಇನ್ನೂ ಹತ್ತಿರ. ನಗಬೇಡಿ, ಸಂತೆಯಲ್ಲಿ ಈ ಹೊತ್ತಿಗೆ ಯಾರೂ ನಗುವುದಿಲ್ಲ. ಹಾಂ, ಕೈ ಶಾಲಿನ ಕೆಳಗೆ ಬಂತು. ಇನ್ನು ಬೆರಳು ಹಿಡಿಯಿರಿ.

...ಬಾಗಿಲ ಬಳಿ ಇರುವವರೇ, ಗುರುಬಸವನಿಗೆ ಸ್ವಲ್ಪ ಕೂಗಿ ಹೇಳಿ. ಗಾಡಿಯನ್ನು ಹಿಂದಿನ ಗೇಟಿಗೆ ತರಲಿ. ನಿಧಾನವಾಗಿ ತರಲಿ.

ಎಷ್ಟು ಬೆರಳೆಂದು ಹೇಳುವಂತಿಲ್ಲ. ನನ್ನನ್ನು ಕರೆಸಿ ಸನ್ಮಾನಿಸಿದ ಬಳಗಕ್ಕೂ, ಇಷ್ಟು ಹೊತ್ತು ತಾಳಿಕೊಂಡ ನಿಮಗೂ ಕೃತಜ್ಞಳು. ಎರಡೂ ಕೈ ಜೋಡಿಸಬೇಕಿತ್ತು. ಅಧ್ಯಕ್ಷರು ಇನ್ನೂ ಒಂದನ್ನು ಬಿಟ್ಟಿಲ್ಲ, ನಾನೂ ಬಿಡಿಸಿಕೊಂಡಿಲ್ಲ. ಉಳಿದ ಒಂದೇ ಕೈಯಿಂದ, ಎಲ್ಲರಿಗೂ ನಮಸ್ಕಾರ.