ಕಣ್ಣು ನೋಡಿ ಕೊಯ್ರಿ

...ಹಂಗಲ್ಲ ಗೌರಾಬಾಯಿ, ನಮ್ಮ ಮನಿತನ ಎಂಥಾದ್ದು ಅನ್ನೋದು ಮೊದಲ ತಿಳಕೋರಿ. ಧಾರವಾಡದಾಗ ನಮ್ಮಜ್ಜ ಮುನಸೀಫರು, ಅಪ್ಪ ರಾವಬಹಾದ್ದೂರ. ಹಿತ್ತಲಾಗ ಗುಲಾಬಿ ಅರಳದ ದಿವಸ ಇರಲಿಲ್ಲ... ನಗತೀರೇನು? ನಗ್ರಿ. ಗುಲಾಬಿಗೆ ನೀರು ಹಾಕತಿದ್ದಾಂವ ಆಳು ತನಿಯಪ್ಪ. ನಾ ಮುಡಕೊಳ್ಳೋದಷ್ಟ ಮಾಡತಿದ್ದೆ.

ಅಂಥಾ ಮನಿತನದಾಕಿ ನಿಮ್ಮ ಬಾಗಲದಾಗ ನಿಂತೀನಿ. ಮೊರದಾಗಿನ ಅಕ್ಕಿ ಆಮ್ಯಾಲೆ ಆರಿಸ್ರಿ... ಕೂಡ್ರಿ ಅಂತನೂ ಅನವಲ್ರಿ? ಇರಲಿ. ನಿಂತೇ ಹೇಳತೀನಿ.

ಬಟಾಟಿ ಬೀಜದ ಮಾತು. ಯುದ್ಧ ನಡದದ, ಹಿತ್ತಲಾಗ ಏನರ ಬೆಳೀರಿ ಅಂತ ಸರಕಾರದವರು ಅಂದ್ರು, ನಾನೂ ಹೂವಿನ ಮಡಿ ಕೀಳಿಸಿದೆ. ನನಗ ಬೇಕಾಗಿದ್ದು ಇಟಲಿ ಬಟಾಟಿ. ದುಂಡಗ, ಬೆಳ್ಳಗ, ನಮ್ಮ ಕಾನ್ವೆಂಟಿನ ಮದರ್ ಅವರ ಗಲ್ಲದಂಗ ನುಣ್ಣಗ! 'ಬೋಟೀ ಬಂದ ಆಹೇತ' ಅಂದ ಮಂಡಯಿಯ ಕಾಯಿಪಲ್ಲೆಯಾಂವ. ಹಡಗ ಬಂದಾವ ಅಂತ ತಿಳದು ಚೀಲ ಚಾಚಿದೆ! ಬಂದ ಅಂದ್ರ ಮರಾಠಿಯೊಳಗ ನಿಂತಾವ ಅಂತ... ಹೌದ್ರಿ, ಇಷ್ಟು ವರ್ಷ ಪುಣೆದಾಗ ಇದ್ದೂ ತಿಳೀಲಿಲ್ಲ. ಮಹಾಬಳೇಶ್ವರದ್ದು ತೋರಿಸಿದ. ಮೈತುಂಬ ಕೆಂಪು ಮಣ್ಣು, ನಾ ಮುಟ್ಟಲಿಲ್ಲ. ಆಗ ನೀವು ತಳೇಗಾಂವದ್ದು ಕೊಟ್ರಿ. 'ನಮ್ಮ ಮಣ್ಣಿಗೆ ಇದೇ ಹೊಂದತದ, ಉಮಾಬಾಯಿ' ಅಂದ್ರಿ. ಏನ್ ಕಣ್ಣು, ಏನ್ ಕಣ್ಣು, ಬಟಾಟಿ ತುಂಬ ತಗ್ಗು! ಮೈಲಿ ಎದ್ದ ಮಾರಿ ಹಂಗ. ಆದ್ರೂ ತೊಗೊಂಡೆ.

ಮುಂದ? ಒಂದು ಮೊಳಕಿ ಇಲ್ಲ. ಎಲ್ಲಾ ಕೊಳತು ನಾತ ಬಂತು. ಅದಕ್ಕ ಭಾಮಾಬಾಯಿ ಮನ್ಯಾಗ, ಹಳದಿ-ಕುಂಕುಮದ ದಿವಸ, ಎಲ್ಲಾರ ಎದುರಿಗೆ 'ಗೌರಾಬಾಯಿ ಕೊಳತ ಬೀಜ ಕೊಟ್ರು' ಅಂದೆ. ಖರೆ, ಅಂದೆ. ಅವತ್ತಿನಿಂದ ನೀವು ಮಾತು ಬಿಟ್ರಿ.

ಈ ಪೇಠದಾಗ ನನ್ನ ಕೂಡ ಕನ್ನಡ ಮಾತಾಡೋರು ಇನ್ಯಾರಿದ್ದಾರ್ರೀ? ನಮ್ಮ ಮನಿಯವರು ಪೇಪರಿನ ಹಿಂದ ಕೂಡತಾರ. ಗಿಣಿ ಸಾಕೀನಿ, ಅದೂ ಮರಾಠಿ ಗಿಣಿ!

ನನ್ನದೇನ್ ತಪ್ಪು? ನೀವು ಹೇಳಿದಂಗ ಮಾಡೀನಿ. 'ಕಣ್ಣು ನೋಡಿ ಕೊಯ್ರಿ' ಅಂದ್ರಿ. ನೋಡಿದೆ. ಒಂದೊಂದೇ ಕಣ್ಣು ಹುಡುಕಿ, ಚಾಕುವಿನ ತುದೀಲೆ ಕೊಯ್ದು ತಗದೆ. ಒಂದೂ ಬಿಡಲಿಲ್ಲ! ಕಸೂತಿಗೆ ಬಹುಮಾನ ತೊಗೊಂಡ ಕೈ ಇವು. ಇಟಲಿ ಬಟಾಟಿಗಿಂತ ನುಣ್ಣಗ ಮಾಡಿ ಹುಗಿಸಿದೆ...

ಯಾಕ ಕೈ ನಿಂತು? ಅಕ್ಕಿ ಚೆಲ್ಲತಾವ, ನೋಡ್ರಿ... ಏನರ ಅನ್ರಿ. ಬೇಕಾದ್ರ ಬಯ್ರಿ.

ನನ್ನ ಸೆರಗು ಯಾಕ ನೋಡತೀರಿ? ಅದರಾಗ ಏನಿಲ್ಲ. ಹೇಳಿದ್ನಲ್ಲಾ, ಏನಿಲ್ಲ... ಮಣ್ಣು? ಎಲ್ಲೋ ಹತ್ತಿರಬೇಕು. ನಾ ಮಣ್ಣು ಮುಟ್ಟೋದಿಲ್ಲ, ನಿಮಗ ಗೊತ್ತದ...

ಹಂಗ ನೋಡಬ್ಯಾಡ್ರಿ, ಗೌರಾಬಾಯಿ.

...ಹೌದು. ಸಸಿ. ಕೊಯ್ದ ಕಣ್ಣೆಲ್ಲಾ ಬಚ್ಚಲ ಹಿಂದ ಚೆಲ್ಲಿದ್ದೆ. ಇವತ್ತ ಮುಂಜಾನೆ ನೋಡತೀನಿ, ಒಂದೊಂದು ಕಣ್ಣೂ ಮೊಳತು ಹಸರಂದ್ರ ಹಸರು! ನಾ ಹುಗಿಸಿದಲ್ಲಿ ಮಸಣ, ನಾ ಚೆಲ್ಲಿದಲ್ಲಿ ತ್ವಾಟ. ನಾನೇ ಕೈಯಾರೆ ಕಿತ್ತು ತಂದೀನಿ. ಹಿಡೀರಿ.

'ಕಣ್ಣು ಉಳಿಸಿ ಕೊಯ್ರಿ' ಅಂತ ಅನ್ನಬೇಕಿತ್ತು ನೀವು. ಅನಲಿಲ್ಲ. ನಮ್ಮ ಮನಿತನದಾಗ ಕ್ಷಮಾ ಕೇಳೋ ರೂಢಿ ಇಲ್ಲ. ಅದಕ್ಕ ನೀವೇ ಕೇಳ್ರಿ. ಕನ್ನಡದಾಗ ಕೇಳ್ರಿ.

ಕ್ಷಮಾ ಕೇಳ್ರಿ.