ಹಾಳುಬಾವಿ ಓಕ್‌ ಮರದ ಕಾಕಂಬಿ

ಆ ದೀಪ ಸ್ವಲ್ಪ ಸಣ್ಣ ಮಾಡಿ... ಹ್ಞಾಂ, ಸಾಕು. ಇದು ನನ್ನ ಚಿಕ್ಕಪ್ಪನ ಮಗಳು ವಿನಿಗೆ ಆದದ್ದು. ಹೋದ ಸೆಪ್ಟೆಂಬರಿನಲ್ಲಿ, ಶ್ರಾಪ್‌ಶೈರಿನ ನಮ್ಮ ಇದೇ ಊರಿನಲ್ಲಿ, ಊರವರೆಲ್ಲ ಸೇರಿ ಉಳಿಸಿಕೊಂಡ ಕಾಡಿನಲ್ಲಿ.

ಪತಂಗ ನೋಡುವ ಸಂಜೆ ಮುಗಿದಿತ್ತು. ಪತಂಗ ಬಂದು ಕೂರಲಿ ಅಂತ ದೀಪದ ಹಿಂದೆ ಕಟ್ಟಿದ್ದ ಬಿಳಿ ಬಟ್ಟೆ ಮಡಚಿ ಎಲ್ಲರೂ ಚಹಾಕ್ಕೆ ಊರ ಹಾಲ್‌ಗೆ ಬಂದಿದ್ದರು. ಪತಂಗ ಮೂಸಿ ಬರಲಿ ಅಂತ ಸಂಜೆಗೇ ಮರಗಳಿಗೆ ಕಾಕಂಬಿ, ಅದೇ ಕಬ್ಬಿನ ಕಪ್ಪು ಪಾಕ, ಬಳಿದಿರುತ್ತೇವೆ. ಅವನ್ನು ಕೊನೇ ಸಲ ನೋಡಿ ಬರಲು ಇಬ್ಬರು ಹೋಗಬೇಕು, ಅದು ಪದ್ಧತಿ. ಒಬ್ಬ ಡೆನ್ಜಿಲ್. ಅವನ ಜೊತೆಗೆ ಯಾರೂ ಏಳಲಿಲ್ಲ. ವಿನಿ ಎದ್ದಳು.

ಡೆನ್ಜಿಲ್ ಎಂಥವನು ಅಂದರೆ... ಪ್ರತಿ ಪತಂಗದ ಲ್ಯಾಟಿನ್ ಹೆಸರು ಗೊತ್ತು, ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ಯಾರಿಗೆ ಏನು ಕಂಡರೂ ಅವನು ಹೂಂ ಅಂದರೆ ಮಾತ್ರ ಕಂಡ ಹಾಗೆ. ಹಿಂದಿನ ವರ್ಷ ವಿನಿಯ ಗಂಡ ಹೊರೇಸ್, ಹಾಳುಬಾವಿ ಪಕ್ಕದ ಓಕ್ ಮರದ ಮೇಲೆ ನೀಲಿಪಟ್ಟೆ ಪತಂಗ ಕಂಡೆ ಅಂದಿದ್ದ. ಅಂಗೈ ಅಗಲದ್ದು, ಕಂಡವರು ಜನ್ಮವಿಡೀ ಹೇಳಿಕೊಂಡು ತಿರುಗುವಂಥದ್ದು. ಹಿಡಿದೆಯಾ ಅಂದರೆ, ಯಾಕೆ ಹಿಡೀಲಿ, ಬಿಟ್ಟೆ ಅಂದ. ನಮ್ಮ ಕಾಡಿನ ನಿಯಮವೇ ಅದು. ನೋಡು, ಹೆಸರು ಹೇಳು, ಬಿಡು.

ಡೆನ್ಜಿಲ್ ತುಂಬಿದ ಹಾಲ್‌ನಲ್ಲಿ ಕೇಳಿದ. "ಹೊರೇಸ್, ಕಾಕಂಬಿಗೆ ಬೆರೆಸೋ ರಮ್ಮು ಮರಕ್ಕೆ ಹೋಯ್ತಾ, ನಿನ್ನ ಹೊಟ್ಟೆಗೆ ಹೋಯ್ತಾ?"

ಹಲ್ಲು ಕಿರಿದವರ ಮುಖ ಒಂದೊಂದೂ ನೆನಪಿದೆ ನನಗೆ. ಚಳಿಗಾಲದಲ್ಲಿ ಹೊರೇಸ್ ಸತ್ತ, ಊರ ಬಾಯಲ್ಲಿ ಕುಡುಕ ಸುಳ್ಳುಗಾರನಾಗಿಯೇ. ಬಾಗಿಲು ದಾಟಲು ತಲೆ ಬಗ್ಗಿಸಬೇಕಾದಷ್ಟು ಎತ್ತರದ ಆಳು, ಪಾಪ. ವಿನಿಗೆ ಇದ್ದ ಆಸೆ ಒಂದೇ. ಆ ಮಾತು ಅದೇ ಹಾಲ್‌ನಲ್ಲಿ, ಅದೇ ಬಾಯಿಂದ ವಾಪಸ್ ಬರಬೇಕು. ಅವಳು ಚಾಪೆಲ್‌ಗೆ ಹೋಗುವ ಹೆಂಗಸು, ಆ ಪಂಥದವರು ಹೆಂಡ ಮುಟ್ಟುವುದಿಲ್ಲ. ಮಣ್ಣು ಮಾಡಿದ ಮರುದಿನವೇ ಮನೆಯ ರಮ್ಮನ್ನು ಮೋರಿಗೆ ಸುರಿದಿದ್ದಳು. ಹೋದ ಸೆಪ್ಟೆಂಬರಿನ ಆ ಸಂಜೆಯ ಕಾಕಂಬಿ ಕಾಯಿಸಿ ತಂದವಳು ಅವಳೇ. ಬೆರೆಸಿದ್ದು ಕೊಳೆತ ಬಾಳೆಹಣ್ಣು ಮಾತ್ರ.

ಇಬ್ಬರೂ ಹಾಳುಬಾವಿ ದಾಟುತ್ತಿದ್ದರು. ಶಬ್ದ ಕೇಳಿಸಿತು. ಸರ್ರ್... ಪಟ್. ಸರ್ರ್... ಪಟ್. ಒದ್ದೆ ಬ್ರಶ್ ತೊಗಟೆಯ ಮೇಲೆ ಎಳೆದು, ಡಬ್ಬಿಯ ಅಂಚಿಗೆ ತಟ್ಟಿದ ಹಾಗೆ.

"ಸಾಕು ಬಳಿದಿದ್ದು," ಅಂದ ಡೆನ್ಜಿಲ್, ತಿರುಗಿಯೂ ನೋಡದೆ. "ನಿನ್ನ ಬಾಳೆಹಣ್ಣಿನ ಪಾಯಸಕ್ಕೆ ಸೊಳ್ಳೇನೂ ಬರಲ್ಲ."

"ನಾನು ನಿನ್ನ ಪಕ್ಕದಲ್ಲೇ ಇದೀನಿ."

ಇದ್ದಳು. ಎರಡೂ ಕೈ ಕೋಟಿನ ಜೇಬಿನಲ್ಲಿ. ಅವಳ ಡಬ್ಬಿ, ಬ್ರಶ್ ಎರಡೂ ಹಾಲ್‌ನಲ್ಲಿ ನನ್ನ ಕಾಲ ಬಳಿ ಇದ್ದವು.

ಸರ್ರ್... ಪಟ್.

"ಯಾರದು?" ಪಿಸುಗುಟ್ಟಿದ.

"ನೀನೇ ಹೇಳು. ನಿನಗೆ ಎಲ್ಲದರ ಹೆಸರೂ ಗೊತ್ತಲ್ಲ."

ಟಾರ್ಚಿನ ಬೆಳಕು ಬಿಟ್ಟ. ಓಕ್ ಮರದ ಮೇಲೆ ಹಸಿ ಕಾಕಂಬಿಯ ಪಟ್ಟೆ. ಎತ್ತರದಲ್ಲಿ... ಅವರಿಬ್ಬರ ಕೈಗೂ ನಿಲುಕದಷ್ಟು ಎತ್ತರದಲ್ಲಿ. ಅಲ್ಲಿಂದ ಕಾಕಂಬಿ ಕೆಳಗೆ ಇಳಿದು ಬಂದಿತ್ತು. ಇಳಿದು ನಿಂತ ತುದಿಯಲ್ಲಿ ಒಂದು ಪತಂಗ ಕೂತು ಹೀರುತ್ತಿತ್ತು. ರೆಕ್ಕೆ ಅಗಲಿಸಿತು. ನೀಲಿ.

ಡೆನ್ಜಿಲ್ ಕೋಟಿನ ಒಳಗಿನಿಂದ ಹುಳು ಹಿಡಿದು ಕೊಲ್ಲುವ ವಿಷದ ಬಾಟಲಿ ತೆಗೆದ. ನಮ್ಮ ಕಾಡಿಗೆ ಅದನ್ನು ಕದ್ದು ತರುತ್ತಿದ್ದ, ನೋಡಿ.

"ಇಲ್ಲಿ ಕೊಲ್ಲೋ ಹಾಗಿಲ್ಲ, ಡೆನ್ಜಿಲ್."

"ಹೆಣ ಇಲ್ದೇ ಹೋದ್ರೆ ಯಾರೂ ನಂಬಲ್ಲ, ಪೆದ್ದಿ. ನಿನ್ನ ಗಂಡಂಗೆ ಅಷ್ಟೂ ತಿಳೀಲಿಲ್ಲ."

ಬಾಟಲಿ ಕವುಚಿ ಮುಚ್ಚಳ ತಿರುಗಿಸಿದ. ಗಾಜಿನ ಒಳಗೆ ಟಪಟಪ... ಟಪ... ಆಮೇಲೆ ಏನೂ ಇಲ್ಲ. ಬ್ರಶ್ಶಿನ ಸದ್ದೂ ನಿಂತಿತು. ಅವರ ತಲೆಯ ಮೇಲೆ, ಆ ಪಟ್ಟೆಯ ಎತ್ತರದಲ್ಲಿ, ಯಾರೋ ನಿಟ್ಟುಸಿರು ಬಿಟ್ಟರು. ವಿನಿಗೆ ಆ ಉಸಿರಿನ ಗುರುತು ಹತ್ತಿತು. ಡೆನ್ಜಿಲ್ ಕಾಲಿಗೆ ಬುದ್ಧಿ ಹೇಳಿದ.

ಹಾಲ್‌ಗೆ ಬಂದವನೇ ಕರ್ಚೀಫು ಸುತ್ತಿದ ಬಾಟಲಿಯನ್ನು ಮೇಜಿನ ಮೇಲೆ ಇಟ್ಟ. ಓಡಿ ಬಂದ ಏದುಸಿರಿನಲ್ಲೂ ಒಂದು ಭಾಷಣ ಬಿಗಿಯದೆ ಬಿಡಲಿಲ್ಲ, ಆ ಮನುಷ್ಯ. ಆಮೇಲೆ ಕರ್ಚೀಫು ಎಳೆದ.

ಬಾಟಲಿ ಖಾಲಿ. ಮುಚ್ಚಳ ಹಾಕಿದ ಹಾಗೇ ಬಿಗಿಯಾಗಿತ್ತು. ತೆಗೆಯಲು ಅವನು ತಿಣುಕಿದ್ದನ್ನು ಎಲ್ಲರೂ ನೋಡಿದೆವು.

"ಇತ್ತು," ಅಂದ. "ನೀಲಿಪಟ್ಟೆ. ಅಂಗೈ ಅಗಲ. ಆಣೆ ಮಾಡಿ ಹೇಳ್ತೀನಿ."

ನಾನು ಚಹಾದ ಪಾತ್ರೆ ಕೆಳಗಿಟ್ಟೆ. "ಡೆನ್ಜಿಲ್, ರಮ್ಮು ಮರಕ್ಕೆ ಹೋಯ್ತಾ, ನಿನ್ನ ಹೊಟ್ಟೆಗೆ ಹೋಯ್ತಾ?"

ಹಾಲ್ ಆಗಲೂ ನಕ್ಕಿತು. ಕುರಿಗಳು. ಯಾರ ಮೇಲೆ ಬೇಕಾದರೂ ನಗುತ್ತವೆ.

"ವಿನೀನೂ ನೋಡಿದಾಳೆ. ಹೇಳು, ವಿನಿ."

ಆಗಷ್ಟೇ ಒಳಗೆ ಬಂದ ವಿನಿ ನಿಧಾನವಾಗಿ ಕೋಟಿನ ಗುಂಡಿ ಬಿಚ್ಚುತ್ತಿದ್ದಳು. "ಯಾವ ಮರದ ಮೇಲಿತ್ತು?"

"ಹಾಳುಬಾವಿ ಓಕು."

"ಹೊರೇಸ್ ಯಾವ ಮರ ಅಂದಿದ್ದ?"

"...ಅದೇ."

"ಹಾಗಾದ್ರೆ ಹೊರೇಸ್?"

ಬೆವರು ಒರೆಸಿಕೊಂಡ. "ಹೊರೇಸ್ ಸುಳ್ಳು ಹೇಳಿರ್ಲಿಲ್ಲ."

"ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ."

ಇನ್ನೊಮ್ಮೆ ಹೇಳಿದ, ಜೋರಾಗಿ.

"ಹೂಂ, ನಾನೂ ನೋಡ್ದೆ," ಅಂದಳು ವಿನಿ, ಆಮೇಲೆ ನನ್ನ ಹತ್ತಿರ ಬಂದು ಚಹಾ ಕೇಳಿದಳು. ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ ಕೊಟ್ಟೆ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಸ್ಟೂಲ್ ಹೊತ್ತುಕೊಂಡು ಒಬ್ಬಳೇ ಆ ಮರದ ಹತ್ತಿರ ಹೋದೆ. ನೀವು ನಂಬಿ, ಬಿಡಿ, ನನಗೇನೂ ಆಗಬೇಕಾಗಿಲ್ಲ; ನಡೆದದ್ದು ಇಷ್ಟು. ಸ್ಟೂಲ್ ಹತ್ತಿ ಕೈ ಚಾಚಿದೆ. ಪಟ್ಟೆ ಇನ್ನೂ ಅಂಟುತ್ತಿತ್ತು. ಬೆರಳು ನೆಕ್ಕಿ ನೋಡಿದೆ.

ರಮ್ ಇತ್ತು. ಧಾರಾಳವಾಗಿ.