ಗಾಲಿಗೆ ಕೊಟ್ಟ ನೀರು

ಒಂದೂರು ಅಂತ ಇಟ್ಟುಕೊಳ್ಳಿ. ಆ ಊರಲ್ಲೊಬ್ಬ ಶ್ರೀಮಂತ. ಹೆಸರು ಹೇಳುವುದಿಲ್ಲ. ಹೇಳಿದರೆ, ಸದ್ಯ ನಾನಲ್ಲ ಎಂದು ನೀವೆಲ್ಲ ಆರಾಮಾಗಿ ಕೂತುಬಿಡುತ್ತೀರಿ. ಈ ಮಂಟಪದಲ್ಲಿ ನಿಮ್ಮನ್ನು ಆರಾಮಾಗಿ ಕೂರಿಸಲು ಈ ಕಥೆ ಹೇಳುತ್ತಿಲ್ಲ.

ಅವನು ಒಂದು ಕಾರು ಕೊಂಡ. ಕೊಳ್ಳಲಿ, ತಪ್ಪೇನು? ದುಡಿದ, ಕೊಂಡ. ಆದರೆ ನೋಡಿ, ಅವನ ಮನಸ್ಸು ನೆಟ್ಟಿದ್ದು ಕಾರಿನ ಮೇಲಲ್ಲ, ಅದರ ಗಾಲಿಗಳ ಮೇಲೆ. ಅಲಾಯ್ ಗಾಲಿ. ಹಳೆಯ ಕಾರಿಗೆ ಕಬ್ಬಿಣದ ಗಾಲಿ, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತಿತ್ತಲ್ಲ, ಹಾಗಲ್ಲ ಇದು. ಬೆಳ್ಳಿ ತಟ್ಟೆಯನ್ನು ಹೂವಿನ ಎಸಳಾಗಿ ಕತ್ತರಿಸಿ ನಿಲ್ಲಿಸಿದ ಹಾಗೆ. ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದು, ಅಂಥ ಹೊಳಪು.

ಬೆಳಿಗ್ಗೆ ಎದ್ದವನು ದೇವರ ಕೋಣೆಗೆ ಹೋಗುವ ಮೊದಲು ಗಾಲಿಯ ಮುಂದೆ ಕೂರುತ್ತಿದ್ದ. ಮಂಡಿಯೂರಿ ಕೂರುತ್ತಿದ್ದ. ಬ್ರೇಕು ಸವೆದು ಕರಿ ಪುಡಿ ಉದುರುತ್ತದೆ, ಅದು ಎಸಳಿನ ಸಂದಿಯಲ್ಲಿ ಕೂರುತ್ತದೆ, ಬಿಟ್ಟರೆ ಕಚ್ಚಿಕೊಳ್ಳುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಒಂದೊಂದೇ ಸಂದಿ ತಿಕ್ಕುತ್ತಿದ್ದ. ಬಟ್ಟೆ ಒಗೆಯುವ ಪುಡಿ ಹಾಕುವಂತಿಲ್ಲ, ಹೊಳಪು ತಿನ್ನುತ್ತದೆ. ಬೋರಿನ ನೀರು ಹಾಕುವಂತಿಲ್ಲ, ಆರಿದರೆ ಉಪ್ಪಿನ ಬಿಳಿ ಕಲೆ ಬೀಳುತ್ತದೆ. ಅದಕ್ಕೆ ಅವನು ಅಡುಗೆಮನೆಯ ಫಿಲ್ಟರಿನಿಂದ ನೀರು ಹಿಡಿದು ತರುತ್ತಿದ್ದ.

"ಕುಡಿಯೋ ನೀರು ಗಾಲಿಗೆ ಸುರೀತೀರಲ್ರೀ," ಎಂದಳು ಹೆಂಡತಿ. "ಮತ್ತ ಫಿಲ್ಟರ್ ತುಂಬೂತನಾ ಮನಿ ಮಂದಿ ಏನ್ ಕುಡೀಬೇಕು?"

"ಬೋರಿನ ನೀರು ಬಿದ್ರ ಕಲೆ ಕೂಡ್ತಾವು. ನಿನಗ ತಿಳಿಯಂಗಿಲ್ಲ, ಸುಮ್ನಿರು."

"ನಮ್ಮ ಹೊಟ್ಟ್ಯಾಗ ಕೂಡೋ ಕಲೆ ಯಾರು ನೋಡ್ತಾರ, ಬಿಡ್ರಿ."

ಬೀದಿನಾಯಿಗಳು ನಿಂತ ಗಾಲಿಯನ್ನು ಕಂಡರೆ ಏನು ಮಾಡುತ್ತವೆ ಎಂದು ನಿಮಗೆ ಗೊತ್ತು. ಅದಕ್ಕಾಗಿ ಗೇಟಿನ ಉದ್ದಕ್ಕೂ ನಾಯಿಗಳು ಹೆದರುತ್ತವೆಂದು ನೀಲಿ ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದ. ಇನ್ನೊಂದು ನೇಮವಿತ್ತು. ಓಡಿ ಬಂದ ಗಾಲಿ ಬಿಸಿಯಾಗಿರುತ್ತದೆ. ಬಿಸಿ ಗಾಲಿಗೆ ನೀರು ಬಿದ್ದರೆ ಬಿದ್ದಲ್ಲೇ ಆರಿ ಕಲೆ ಕಟ್ಟುತ್ತದೆ. ಹಾಗಾಗಿ ಎಲ್ಲಿಂದ ಬಂದರೂ ಇಳಿದವನೇ ಮೊದಲು ಹಿಂಗೈಯಿಂದ ಗಾಲಿ ಮುಟ್ಟಿ ನೋಡುತ್ತಿದ್ದ. ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುತ್ತೇವಲ್ಲ, ಹಾಗೆ.

ನಗಬೇಡಿ. ಇದನ್ನು ನಗುವುದಕ್ಕೆ ಹೇಳಲಿಲ್ಲ. ಒಂದಕ್ಕೆ ಯಾವುದರಿಂದ ನೋವಾಗುತ್ತದೆ ಎಂದು ತಿಳಿದುಕೊಳ್ಳುವುದು ಸಣ್ಣ ವಿದ್ಯೆಯಲ್ಲ. ಅವನಿಗೆ ಆ ವಿದ್ಯೆ ಇತ್ತು. ಅದನ್ನು ಎಲ್ಲಿ ಖರ್ಚು ಮಾಡಿದ ಅನ್ನುವುದಷ್ಟೇ ಕಥೆ.

ಅವನಿಗೊಬ್ಬಳು ಅಕ್ಕ. ದೂರದ ಊರಿಗೆ ಕೊಟ್ಟಿದ್ದರು. ಮಳೆಗಾಲಕ್ಕೆ ಮುಂಚೆ ಗಂಡ ತೀರಿಕೊಂಡ. ನಾಗರ ಪಂಚಮಿ ಹತ್ತಿರ ಬಂತು, ಗಂಡ ಹೋದ ಮೇಲಿನ ಮೊದಲ ಪಂಚಮಿ. ಹೆಣ್ಣುಮಕ್ಕಳನ್ನು ತವರಿಗೆ ಕರೆತರುವ ಹಬ್ಬ. ತಾಯಂದಿರೇ, ಆ ಹೊತ್ತಿಗೆ ಅಣ್ಣನೋ ತಮ್ಮನೋ ಬಾಗಿಲಿಗೆ ಬರುವುದೆಂದರೆ ಏನು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಗಂಡಸರಿಗೆ ಹೇಳಬೇಕು. ಆ ಅಕ್ಕನೇ ಫೋನಿನಲ್ಲಿ ಬಿಡಿಸಿ ಹೇಳಿದಳು.

"ತಮ್ಮಾ, ನನ್ನ ಹಾಸಿಗಿ ಹಿತ್ತಲ ಖೋಲಿಗೆ ಹಾಕ್ಯಾರ. ಕಟ್ಟಿಗಿ ಒಟ್ಟೋ ಖೋಲಿ, ಕಿಟಕಿ ಇಲ್ಲ. ಇದೇನ್ರಿ ಅತ್ತಿ ಅಂದ್ರ, ನಿಮ್ಮ ತವರಾಗ ಯಾರರ ಇದ್ರ ಬಂದು ಕೇಳ್ಲಿ ಅಂದ್ರು. ನೀ ಜಗಳ ಮಾಡಬ್ಯಾಡ. ಪಡಸಾಲ್ಯಾಗ ಒಂದು ತಾಸು ಕೂಡು. ಉಣ್ಣು. ನನ್ನ ಕರ್ಕೊಂಡು ಹೋಗು. ನನ್ನ ಬೆನ್ನಿಗೆ ಒಬ್ಬಾಂವ ಅದಾನಂತ ಅವರಿಗೆ ತಿಳಿದ್ರ ಸಾಕು."

"ಬರ್ತೇನಿ ಯಕ್ಕಾ," ಎಂದ. "ಕಾರ್ ತಗೊಂಡಽ ಬರ್ತೇನಿ."

ಸುಳ್ಳು ಹೇಳಲಿಲ್ಲ. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ಈ ಕಥೆ ಸುಲಭವಾಗಿತ್ತು, ನೀವೂ ತಪ್ಪಿಸಿಕೊಳ್ಳುತ್ತಿದ್ದಿರಿ. ಅವನು ಹಿಂದಿನ ಸೀಟಿನಲ್ಲಿ ಸೀರೆ ಇಟ್ಟುಕೊಂಡ, ಹಣ್ಣು ಇಟ್ಟುಕೊಂಡ, ನಾಲ್ಕೂ ಗಾಲಿ ಉಜ್ಜಿ ಹೊರಟ. ಅಕ್ಕನ ಅತ್ತೆಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ. "ಅತ್ತಿಯಾರ, ಅಕ್ಕನ ಹಾಸಿಗಿ ಎಲ್ಲೈತಿ?" ಅಷ್ಟೇ. ಮೆಲ್ಲಗೆ ಕೇಳಬೇಕು, ಒಂದೇ ಸಲ ಕೇಳಬೇಕು. ಗಟ್ಟಿ ಮಾತು ಎಂದು ಅವನಿಗೇ ಅನ್ನಿಸಿತು.

ಅಕ್ಕನ ಓಣಿಯನ್ನು ಒಳಚರಂಡಿ ಪೈಪಿಗಾಗಿ ಅಗೆದಿದ್ದರು. ಅಕ್ಕ ಓಣಿಗೆಲ್ಲ ಹೇಳಿಬಿಟ್ಟಿದ್ದಳು, ತಮ್ಮ ಕಾರು ತರ್ತಾನ ಅಂತ. ಅದಕ್ಕೆ ಓಣಿಯ ಹೆಂಗಸರು ಬೆಳಿಗ್ಗೆಯೇ ತಗ್ಗಿಗೆ ಇಟ್ಟಂಗಿ ಚೂರು ತುಂಬಿ ಮೇಲೆ ಹಲಗೆ ಹಾಸಿದ್ದರು. ಅವನು ಅವರ ಮನೆಗೆ ಬರುವವನಲ್ಲ, ಅವರು ಕಂಡವನೂ ಅಲ್ಲ. ಆದರೂ ಹಾಸಿದ್ದರು.

ಶ್ರೀಮಂತ ಓಣಿಯ ಬಾಯಿಗೆ ಬಂದ, ನಿಲ್ಲಿಸಿದ, ಇಳಿದ.

"ಬರ್ರಿ ಅಣ್ಣಾರ, ಬರ್ರಿ! ಹಲಗಿ ಗಟ್ಟಿ ಅದಾವ. ಈಗಿನ್ನ ಗ್ಯಾಸಿನ ಗಾಡಿ ದಾಟಿ ಹೋತು!" ಎಂದು ಹೆಂಗಸರು ಕರೆದರು.

ಅವನು ಮಂಡಿಯೂರಿದ. ಹಲಗೆಯ ಪಕ್ಕಕ್ಕೆ ಎದ್ದ ಕಲ್ಲಿನ ಚೂಪು ನೋಡಿದ. ಕಲ್ಲಿಗೂ ಗಾಲಿಗೂ ನಡುವೆ ಅಂಗೈ ಹಿಡಿದು ನೋಡಿದ. ಸ್ವಲ್ಪ ಅತ್ತಿತ್ತಾದರೆ ಅಂಚಿಗೆ ಗೀರು. ಕಾರಿನ ಬಾಗಿಲಿಗೆ ಗೀರು ಬಿದ್ದರೆ ಬಣ್ಣ ಹೊಡೆಸಬಹುದು. ಗಾಲಿಯ ಅಂಚು ಒಮ್ಮೆ ತರಚಿತು ಅಂದರೆ ಮುಗಿಯಿತು, ಎಷ್ಟು ತಿದ್ದಿಸಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಬೇಡ, ನಡೆದೇ ಹೋಗೋಣ ಎಂದುಕೊಂಡ. ಹಣ್ಣಿನ ಚೀಲ ಹಿಡಿದು ಹಲಗೆಯ ಮೇಲೆ ಕಾಲಿಟ್ಟ. ತಿರುಗಿ ನೋಡಿದ. ಒಂದು ನಾಯಿ ಹಿಂದಿನ ಗಾಲಿಯನ್ನು ಮೂಸುತ್ತಿತ್ತು.

ಹಚ್ಯಾ ಎನ್ನುತ್ತ ಓಡಿಬಂದ. ಅದು ಹೋಯಿತು, ಇನ್ನೊಂದು ಬಂತು. ಓಣಿಯ ಬಾಯಲ್ಲಿ ನಾಯಿಗಳಿಗೇನು ಬರವೇ? ಕಾರಿನಲ್ಲಿದ್ದ ಪೇಪರನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದು ಗಾಲಿಯ ಪಕ್ಕ ನಿಂತ. ಫೋನು ಮಾಡಿದ.

"ಯಕ್ಕಾ, ಒಳಗ ಕಾರ್ ಬರಂಗಿಲ್ಲ. ನೀನಽ ಚೀಲ ತಗೊಂಡು ಬಂದುಬಿಡು."

"ಇಷ್ಟು ದೂರ ಬಂದು ಮನಿಯೊಳಗ ಬರಂಗಿಲ್ಲೇನು? ತಾಟು ಹಾಕೇನಿ. ಅತ್ತಿ ಎದುರಿಗೇ ಕುಂತಾರ."

"ಇಲ್ಲೆ ನಾಯಿ ಭಾಳ ಅದಾವ ಯಕ್ಕಾ."

"ನಾಯಿಗೆ ಅಂಜತಿ ಏನೋ?"

"ನನಗಲ್ಲ... ಗಾಲಿಗೆ..." ಎಂದ.

ಓಣಿಯ ಕೊನೆಯಲ್ಲಿ ಅಕ್ಕನ ಮನೆ ಕಾಣುತ್ತಿತ್ತು. ಅತ್ತೆ ಕಟ್ಟೆಗೆ ಬಂದು ನಿಂತಳು, ಹಣೆಗೆ ಕೈಯಿಟ್ಟು ನೋಡಿದಳು. ಅಕ್ಕನ ನಾದಿನಿಯ ಧ್ವನಿ ಓಣಿಯುದ್ದಕ್ಕೂ ಕೇಳಿಸಿತು: "ವೈನೀ, ನಿಮ್ಮ ತಮ್ಮಾರು ಕಾರಿಗೆ ಕಾವಲ ನಿಂತಾರ ನೋಡ್ರಿ! ಅಲ್ಲೇ ಒಂದ್ ಕಪ್ ಚಾ ಒಯ್ದು ಕೊಡ್ಲೇನು, ಕಾವಲುಗಾರಗ?" ಹಲಗೆ ಹಾಸಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವರು ನಗಲಿಲ್ಲ.

ಅಕ್ಕ ಬಂದಳು. ಕೈಯಲ್ಲಿ ಚೀಲ ಇರಲಿಲ್ಲ. ತಾಮ್ರದ ತಂಬಿಗೆ ಇತ್ತು, ತುಂಬ ನೀರು. ಬಾಗಿಲಿಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮಲ್ಲಿ ಪದ್ಧತಿ. ಅವನು ಬಾಗಿಲಿಗೆ ಬರಲಿಲ್ಲ. ಅದಕ್ಕೆ ಅವಳೇ ನೀರು ಹೊತ್ತು ಹಲಗೆ ದಾಟಿ ಬಂದಳು. ಇನ್ನೂ ಕೈಬಿಟ್ಟಿರಲಿಲ್ಲ ನೋಡಿ ಅವಳು. ಇನ್ನೂ ಒಂದು ಆಸೆ ಇತ್ತು.

"ಕಾಲು ತೊಳ್ಕೋ ತಮ್ಮಾ. ಒಂದು ತಾಸು ಬ್ಯಾಡ. ಹೊಸ್ತಿಲ ದಾಟಿ ಒಂದು ತುತ್ತು ಉಂಡು ಬಾ. ಈ ನೀರು ಕಾಲಿಗೆ ಹಾಕ್ಕೊಂಡ್ರ ನೀ ಬಂದಂಗಽ."

ಅವಳು ತಂಬಿಗೆ ಬಗ್ಗಿಸಿದಳು. ಅವನು ಗಕ್ಕನೆ ಅವಳ ಮುಂಗೈ ಹಿಡಿದ.

"ಯಕ್ಕಾ, ಅತ್ಲಾಗ ಸರಿ! ಗಾಲಿ ಬಿಸಿ ಐತಿ, ನೀರು ಸಿಡೀತದ!"

ಅವಳು ಸಿಟ್ಟಾಗಲಿಲ್ಲ. ಅಳಲೂ ಇಲ್ಲ. ತಮ್ಮನ ಮುಖ ನೋಡಿದಳು, ಗಾಲಿ ನೋಡಿದಳು. ಬಗ್ಗಿ ಹಿಂಗೈಯಿಂದ ಗಾಲಿಯನ್ನು ಮುಟ್ಟಿದಳು.

"ಹೌದಪಾ, ಬಿಸಿ ಐತಿ. ಭಾಳ ದೂರದಿಂದ ಬಂದೈತಿ, ಪಾಪ."

ತಂಬಿಗೆಯ ಅಷ್ಟೂ ನೀರನ್ನು ಗಾಲಿಯ ಮೇಲೆ ಸುರಿದಳು. ನಿಧಾನವಾಗಿ, ಒಂದು ಹನಿ ಉಳಿಸದೆ, ಹಿರಿಯರ ಕಾಲಿಗೆ ಸುರಿದ ಹಾಗೆ.

"ಬಂದಾಂವ ಇವನಽ ಅಲ್ಲೇನು? ಕಾಲಿಗೆ ನೀರು ಇವಗಽ ಸಲ್ಲಬೇಕು."

ಅಷ್ಟೇ ಅಂದು ತಿರುಗಿ ನಡೆದಳು.

ಈಗ ಅವನು ಏನು ಮಾಡಿದ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಓಡಿಹೋಗಿ ಕಾಲು ಹಿಡಿಯುತ್ತಿದ್ದೆವು ಅನ್ನುತ್ತೀರಿ. ಇಲ್ಲಿ ಚಾಪೆಯ ಮೇಲೆ ಕೂತು ಎಲ್ಲರೂ ಹಾಗೇ ಅನ್ನುತ್ತಾರೆ. ಅವನೂ "ಯಕ್ಕಾ" ಎಂದು ಒಂದು ಸಲ ಕೂಗಿದ. ಹೋಗಬೇಕೆಂದೇ ಕಾಲು ಎತ್ತಿದ. ಆದರೆ ಬಿಸಿ ಗಾಲಿಯ ಮೇಲೆ ನೀರು ಆರುತ್ತಿತ್ತು. ಬೋರಿನ ನೀರು. ಎಸಳಿನ ಅಂಚಿಗೆ ಆಗಲೇ ಬೆಳ್ಳಗೆ ಕಟ್ಟುತ್ತಿತ್ತು. ಇದೊಂದು ಒರೆಸಿ ಹೋದರಾಯಿತು ಎಂದುಕೊಂಡ. ಇದೊಂದೇ. ಕಾರಿನೊಳಗಿಂದ ಮೆತ್ತನೆಯ ಬಟ್ಟೆ ತೆಗೆದು ಮಂಡಿಯೂರಿದ. ಒಂದು ಎಸಳು ಒರೆಸಿದ ಮೇಲೆ ಇನ್ನೊಂದನ್ನು ಬಿಡುವುದು ಹೇಗೆ?

ಒರೆಸಿ ತಲೆ ಎತ್ತಿದಾಗ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಮನೆಯ ಬಾಗಿಲು ಮುಚ್ಚಿತ್ತು. ಓಣಿಯ ಹೆಂಗಸರು ಹಲಗೆಗಳನ್ನು ಒಂದೊಂದಾಗಿ ಎತ್ತುತ್ತಿದ್ದರು.

"ಹಲಗಿ ಯಾಕ ತಗೀತೀರಿ?" ಎಂದ.

"ಇನ್ನ ಯಾರು ಬರಾವ್ರು ಅದಾರ್ರೀ ಅಣ್ಣಾರ?" ಎಂದಳೊಬ್ಬಳು. ತಲೆ ಎತ್ತದೆ ಅಂದಳು.

ಆ ಪಂಚಮಿಗೆ ಅಕ್ಕ ಕಟ್ಟಿಗೆ ಖೋಲಿಯಲ್ಲಿದ್ದಳು. ಮುಂದಿನ ಪಂಚಮಿಗೂ ಅಲ್ಲೇ ಇದ್ದಳು. ಕೇಳುವವರು ಯಾರಾದರೂ ಇದ್ದರೆ ಬರಲಿ ಎಂದು ಅತ್ತೆ ಮತ್ತೆಂದೂ ಅನ್ನಲಿಲ್ಲ. ಯಾಕೆ ಅನ್ನಬೇಕು? ಕಣ್ಣಾರೆ ನೋಡಿದ್ದಳಲ್ಲ. ತಮ್ಮ ಎಷ್ಟು ಫೋನು ಮಾಡಿದರೂ ಅಕ್ಕ ಎತ್ತಲಿಲ್ಲ. ಮತ್ತೆ ಆ ಓಣಿಗೆ ಹೋಗಲು ಅವನಿಗೆ ಮುಖವಿರಲಿಲ್ಲ. ಗಾಲಿಗೆ ಮಾತ್ರ ಏನೂ ಆಗಲಿಲ್ಲ. ಒಂದು ಕಲೆ ಕೂರಲಿಲ್ಲ.

ಕಥೆ ಮುಗಿಯಿತು. ಅಯ್ಯೋ ಪಾಪ ಎನ್ನುತ್ತಿದ್ದೀರಿ. ಯಾರಿಗೆ ಪಾಪ? ಈ ಮಂಟಪದ ಮೆಟ್ಟಿಲ ಪಕ್ಕ ಒಂದು ಇಳಿಜಾರು ಇದೆ. ಮಂಡಿ ಹಿಡಿದವರು, ಗಾಲಿಕುರ್ಚಿಯವರು ಹತ್ತಲಿ ಎಂದು ಕಟ್ಟಿಸಿದ್ದು. ಅದರ ಬಾಯಿಗೆ ಇವತ್ತು ಒಂದು ಕಾರು ನಿಂತಿದೆ. ಯಾಕೆ ಅಲ್ಲಿ ನಿಂತಿದೆ? ಅಲ್ಲಿ ಕಲ್ಲಿಲ್ಲ, ನೆಲ ನುಣ್ಣಗಿದೆ. ಯಾರದು ಎಂದು ಕೇಳುವುದಿಲ್ಲ. ಅದರ ಗಾಲಿ ಚೆನ್ನಾಗಿ ಹೊಳೆಯುತ್ತಿದೆ. ಹಿಂದೆ ಕೂತಿರುವ ಆ ಮುದುಕಿ ಮೆಟ್ಟಿಲ ಮೇಲೆ ಕೈಯೂರಿ ಕೂತುಕೂತು ಹತ್ತಿ ಬಂದಳು. ನೋಡಿದಿರಿ. ಎಲ್ಲರೂ ನೋಡಿದಿರಿ.

ಗಾಲಿ ತೊಳೆಯಬೇಡಿ ಎಂದೆನೇ? ತೊಳೆಯಿರಿ. ಆದರೆ ಬಿಸಿಯಿದೆಯೇ ಎಂದು ಅದನ್ನು ಮುಟ್ಟಿ ನೋಡುವ ಕೈ, ಮನೆಯವರ ಹಣೆ ಮುಟ್ಟಿ ಎಷ್ಟು ದಿನವಾಯಿತು? ಗಾಲಿಗೆ ಯಾವ ನೀರು ಒಗ್ಗುವುದಿಲ್ಲ ಎಂದು ನಿಮಗೆ ಗೊತ್ತು. ನಿಮ್ಮ ತಾಯಿಗೆ ಯಾವ ಮಾತು ಒಗ್ಗುವುದಿಲ್ಲ, ಗೊತ್ತೇ?

ಪಂಚಮಿ ಬಂತು. ಅಕ್ಕ ತಂಗಿಯರ ಮನೆಗೆ ಹೋಗಿ. ಓಣಿಯ ಬಾಯಿಯವರೆಗಲ್ಲ, ಒಳಗೆ. ಕಾರು ಹೋಗದಿದ್ದರೆ ಕೆಸರು ತುಳಿದುಕೊಂಡು ಹೋಗಿ. ಕೊಟ್ಟ ನೀರನ್ನು ಕಾಲಿಗೆ ಹಾಕಿಕೊಳ್ಳಿ. ಹಾಕಿದ್ದನ್ನು ಉಣ್ಣಿ. ರಾತ್ರಿ ಎಲ್ಲಿ ಮಲಗುತ್ತಿ ಎಂದು ಎಲ್ಲರ ಎದುರಿಗೇ ಕೇಳಿ, ಆ ಕೋಣೆಯನ್ನು ಕಣ್ಣಿಂದ ನೋಡದೆ ಏಳಬೇಡಿ. ಗಾಲಿಗೆ ಗೀರು ಬಿದ್ದರೆ ಬೀಳಲಿ. ಆ ಗೀರನ್ನು ತಿದ್ದಿಸಬೇಡಿ. ಯಾರಾದರೂ ಇದೇನಿದು ಎಂದರೆ, ಅಕ್ಕನ ಮನೆಗೆ ಹೋಗಿದ್ದೆ ಅನ್ನಿ.

ಈಗ ಏಳಿ. ಮೊದಲು ಆ ಇಳಿಜಾರಿನ ಮುಂದಿನ ಕಾರು ತೆಗೆಯಿರಿ. ಮುದುಕಿ ಇಳಿದು ಹೋಗಲಿ. ಪ್ರಸಾದ ಆಮೇಲೆ.